1986ರ ‘ಸಾಕ್ಷಿ’ ಮತ್ತು ಭಾನುವಾರದ ಫೋನ್

1986ರ ಕನ್ನಡ ಪುಸ್ತಕಗಳ ಬಗ್ಗೆ ಬರೆಯೋಣ ಅಂತ ಕೂತೆ; ಒಂದರಲ್ಲೇ ಸಿಕ್ಕಿಹಾಕಿಕೊಂಡೆ. ಆ ವರ್ಷ ಜೂನ್ 6ಕ್ಕೆ, ತಾವು ಹುಟ್ಟಿದ ದಿನವೇ, ಮಾಸ್ತಿ ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ಬಂತು. ಅವರು ಮುಂಬಯಿಯಲ್ಲಿ ನೆಲೆಸಿ ಬರೆದವರು, ಊರು ಬಿಟ್ಟ ನಮಗೆಲ್ಲ ಹಿರಿಯಣ್ಣ ಅನ್ನಿ. ಆದರೆ ನನ್ನನ್ನು ಬಿಡದೆ ಕಾಡಿದ್ದು ಅದೇ ವರ್ಷ ಬಂದ ಎಸ್. ಎಲ್. ಭೈರಪ್ಪನವರ ‘ಸಾಕ್ಷಿ’.

ಸತ್ಯವಂತರು ಅಂತ ಎಲ್ಲರೂ ನಂಬಿದ್ದ ಪರಮೇಶ್ವರಯ್ಯ, ಕೊಲೆ ಆರೋಪ ಹೊತ್ತ ಅಳಿಯನನ್ನು ಉಳಿಸೋಕೆ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳುತ್ತಾರೆ. ಆಮೇಲೆ ಪ್ರಾಣ ಕಳೆದುಕೊಳ್ಳುತ್ತಾರೆ. ಸುಳ್ಳಿನ ಬೇರು ಎಲ್ಲಿದೆ ಅನ್ನೋ ಪ್ರಶ್ನೆ ಸತ್ತ ಮೇಲೂ ಅವರನ್ನು ಬಿಡುವುದಿಲ್ಲ.

ಕೋರ್ಟಿನ ಸುಳ್ಳು ಬೇರೆ, ಮನೆಯ ಸುಳ್ಳು ಬೇರೆ ಅಂತ ನೀವು ಹೇಳಬಹುದು. ಅಟ್ಲಾಂಟಾದಲ್ಲೋ ಶಾರ್ಲೆಟ್‌ನಲ್ಲೋ ಕೂತು ಭಾನುವಾರ ಅಜ್ಜಿಗೆ ಫೋನ್ ಮಾಡಿ ‘ಊಟ ಆಯ್ತು, ಚೆನ್ನಾಗಿದೀನಿ’ ಅನ್ನೋದು ಸುಳ್ಳೇ? ಅಕ್ಕರೆ ಅಲ್ಲವೇ?

ಪರಮೇಶ್ವರಯ್ಯನವರದ್ದೂ ಅಕ್ಕರೆಯೇ.

ಹೋದ ವರ್ಷ ಅಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಮೇಲೆ ಅಣ್ಣ ಹೇಳಿದ, ‘ಅಷ್ಟು ದೂರ ಇದೀಯ, ಗಾಬರಿ ಆಗ್ತೀಯ ಅಂತ ಹೇಳಲಿಲ್ಲ.’ ಸಿಟ್ಟು ಬಂತು. ಹೊರಡಬೇಕೋ ಬೇಡವೋ ಅನ್ನೋ ತೀರ್ಮಾನ ನನ್ನದಾಗಬೇಕಿತ್ತು. ಪ್ರೀತಿಯಿಂದಲೇ ಅದನ್ನು ಕಿತ್ತುಕೊಂಡಿದ್ದರು. ಕೋರ್ಟಿನ ಸುಳ್ಳಿನಿಂದ ನ್ಯಾಯ ತಪ್ಪುವುದು ಬೇರೆಯವರಿಗೆ. ನಮ್ಮ ಸುಳ್ಳಾದರೋ, ಯಾರನ್ನು ಕಾಪಾಡ್ತಿದೀವಿ ಅಂದುಕೊಂಡಿರ್ತೀವೋ ಅವರನ್ನೇ ಹೊರಗಿಡುತ್ತೆ.

ಇಷ್ಟನ್ನೂ ಅಣ್ಣನ ಜೊತೆ ಗಟ್ಟಿಯಾಗಿ ವಾದ ಮಾಡಿದೆ. ಅದೇ ತಿಂಗಳು ನನ್ನ ಕೆಲಸ ಹೋಗಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.