ಅಂಕಿತವಿಟ್ಟು ಹಾಡುವುದು

ಬಸರೀಕಟ್ಟೆಯಲ್ಲಿ ಮಳೆ ಹಿಡಿದರೆ ಮಾತು ಬೆಳೆಯುತ್ತದೆ. ಮನೆಯವರು ಹೊರಗೆ ಹೋಗುವಂತಿಲ್ಲ; ಬಂದವರು ಎದ್ದು ಹೊರಡುವಂತೆಯೂ ಇಲ್ಲ. ಕಳೆದ ಆಷಾಢದ ಒಂದು ಸಂಜೆ ಹೀಗೆ ನಮ್ಮ ಜಗಲಿಯಲ್ಲಿ ಸಿಕ್ಕಿಬಿದ್ದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕಾಫಿ ತೋಟದ ಕೆಲಸಕ್ಕೆಂದು ಘಟ್ಟದ ಕೆಳಗಿನಿಂದ ಬಂದು ಇಲ್ಲಿಯೇ ನೆಲೆನಿಂತ ಕ್ರೈಸ್ತ ಮನೆತನದವನು. ಈಗ ಬೆಂಗಳೂರಿನಲ್ಲಿ ಹಗಲು ಉದ್ಯೋಗ, ರಾತ್ರಿ ಸಂಗೀತ. ಸಂಗೀತವೆಂದರೆ ನಾವು ನೀವು ತಲೆದೂಗುವ ಸಂಗೀತವಲ್ಲ. ವಿದ್ಯುತ್ ಗಿಟಾರು ಗುಡುಗುವ, ಡ್ರಮ್ಮು ಕೇಳುವವನ ಎದೆಯನ್ನೇ ಬಡಿಯುವ, ಗಾಯಕ ಹಾಡುವುದಕ್ಕಿಂತ ಗರ್ಜಿಸುವುದೇ ಹೆಚ್ಚಾದ ‘ಹೆವಿ ಮೆಟಲ್’.

ಮಳೆ ನಿಲ್ಲುವ ಲಕ್ಷಣ ಕಾಣದಿದ್ದಾಗ ಅವನು ಬಾಯಿಬಿಟ್ಟ. “ಸಾರ್, ನಾನು ಬರೆದ ಹಾಡೊಂದರಲ್ಲಿ ಯೇಸುವಿನ ಹೆಸರು ಬಂದಿದೆ. ತಂಡದವರು ತೆಗೆದುಹಾಕು ಎನ್ನುತ್ತಾರೆ. ತೆಗೆಯದಿದ್ದರೆ ನನ್ನನ್ನೇ ತೆಗೆದಾರು. ಏನು ಮಾಡಲಿ?”

ಈ ಪ್ರಶ್ನೆ ನನ್ನ ಬಳಿಗೇಕೆ ಬಂತೆಂದು ಊಹಿಸುವುದು ಕಷ್ಟವಲ್ಲ. ಮನೆಯ ಹಿರಿಯರನ್ನು ಕೇಳಿದರೆ ಆ ಸೈತಾನನ ಗದ್ದಲವನ್ನು ಬಿಡು ಎನ್ನುತ್ತಾರೆ. ಗೆಳೆಯರನ್ನು ಕೇಳಿದರೆ ಯೇಸುವನ್ನು ಬಿಡು ಎನ್ನುತ್ತಾರೆ. ಅದೂ ತಿಳಿಯದ, ಇದೂ ತಿಳಿಯದ ಕನ್ನಡ ಮೇಷ್ಟರೇ ವಾಸಿ ಎಂದುಕೊಂಡಿರಬೇಕು. ಆದರೆ ಆ ಪ್ರಶ್ನೆ ನನ್ನನ್ನು ಚುಚ್ಚಿದ್ದಕ್ಕೆ ಬೇರೆಯೇ ಕಾರಣವುಂಟು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಸಂಗೀತದ ಸಮಾಚಾರ. ಅದರ ಹುಟ್ಟನ್ನು ಸಾಮಾನ್ಯವಾಗಿ 1970ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡ ಹೊರತಂದ ಮೊದಲ ಧ್ವನಿಮುದ್ರಿಕೆಯಿಂದ ಎಣಿಸುತ್ತಾರೆ. ಕಾರ್ಖಾನೆಗಳ ಊರು, ಕೆಲಸಗಾರರ ಮಕ್ಕಳು. ಗಿಟಾರಿನವನ ಎರಡು ಬೆರಳ ತುದಿಗಳನ್ನು ಯಂತ್ರವೇ ತಿಂದಿತ್ತು. ಹೆಸರು ಮಾಟಮಂತ್ರದಂತೆ ಕೇಳಿದರೂ ಅವರ ಕೊರಳಲ್ಲಿ ತೂಗುತ್ತಿದ್ದುದು ಶಿಲುಬೆ. ಹಾಡುಗಳ ಸಾಹಿತ್ಯವನ್ನು ಬಹುಮಟ್ಟಿಗೆ ಬರೆಯುತ್ತಿದ್ದ ಗೀಜರ್ ಬಟ್ಲರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. 1971ರಷ್ಟು ಹಿಂದೆಯೇ ದೇವರನ್ನು ಅಲ್ಲಗಳೆಯುವವರನ್ನು ಕೆಣಕುವ ಹಾಡೊಂದು ಆ ತಂಡದಿಂದ ಬಂದಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸ್ಟ್ರೈಪರ್ ತಂಡದವರು ಹಳದಿ ಕಪ್ಪು ಪಟ್ಟೆಯ ಉಡುಪು ತೊಟ್ಟು, ಹೊಸ ಒಡಂಬಡಿಕೆಯ ಪ್ರತಿಗಳನ್ನು ವೇದಿಕೆಯಿಂದ ಸಭೆಯತ್ತ ಎಸೆಯುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿಯೇ ಸ್ಲೇನ್ ಎಂಬ ತಂಡ ತನ್ನ ಕ್ರೈಸ್ತ ನಂಬಿಕೆಯನ್ನು ಮರೆಮಾಡದೆ ಈ ಬಗೆಯ ಸಂಗೀತವನ್ನು ನುಡಿಸಿದೆ. ಆದ್ದರಿಂದ ಇವೆರಡಕ್ಕೂ ಎಣ್ಣೆ ಸೀಗೆಯ ಸಂಬಂಧ ಎಂಬುದು ಚರಿತ್ರೆ ಒಪ್ಪದ ಮಾತು. ಸೈತಾನನನ್ನು ಕೂಗಿ ಕರೆಯುವವನಿಗೂ ಬೈಬಲ್ಲೇ ನಿಘಂಟು.

ಆದರೂ ಆ ಹುಡುಗನ ಜೊತೆಯವರ ವಾದವನ್ನು ತಳ್ಳಿಹಾಕುವಂತಿಲ್ಲ. ದುಡ್ಡು ಕೊಟ್ಟು ಬಂದವರು ಸಂಗೀತಕ್ಕೆ ಬಂದಿದ್ದಾರೆ, ಉಪದೇಶಕ್ಕಲ್ಲ. ಅವರಲ್ಲಿ ನಾನಾ ಮತದವರಿದ್ದಾರೆ, ಯಾವ ಮತವೂ ಬೇಡವೆಂದವರಿದ್ದಾರೆ, ಮತದ ಹೆಸರಿನಲ್ಲಿ ನೊಂದು ಬಂದವರೂ ಇದ್ದಾರೆ. ಧ್ವನಿವರ್ಧಕ ಒಬ್ಬನ ಕೈಯಲ್ಲಿದೆ. ಕೇಳುವವನಿಗೆ ಎದುರುತ್ತರ ಕೊಡುವ ಅವಕಾಶವಿಲ್ಲ. ಹೀಗಿರುವಾಗ ಎಲ್ಲರ ವೇದಿಕೆಯಲ್ಲಿ ಒಬ್ಬನ ದೇವರೇಕೆ?

ಈ ಪ್ರಶ್ನೆಗೆ ಕನ್ನಡದಲ್ಲಿ ಸಾವಿರ ವರ್ಷ ವಯಸ್ಸಾಗಿದೆ. ಪಂಪನ ಮುಂದೆಯೂ ಅದು ನಿಂತಿತ್ತು. ಜೈನನಾದ ಅವನು ಅರಿಕೇಸರಿಯ ಆಸ್ಥಾನಕ್ಕೆ ಭಾರತದ ಕಥೆಯನ್ನು ಹೇಳಬೇಕಾಗಿತ್ತು. ಅವನು ಕಂಡುಕೊಂಡ ದಾರಿ ಎಲ್ಲರಿಗೂ ತಿಳಿದದ್ದೇ: ಭಾರತದಲ್ಲಿ ಲೌಕಿಕವನ್ನು, 941ರ ಆದಿಪುರಾಣದಲ್ಲಿ ಜಿನಾಗಮವನ್ನು ಬೆಳಗಿದ. ಇದನ್ನು ಪಾಠ ಹೇಳುವಾಗ ನಾವು ‘ನೋಡಿ, ಎಷ್ಟು ಅಚ್ಚುಕಟ್ಟಾಗಿ ಬೇರ್ಪಡಿಸಿದ’ ಎಂದು ಮುಂದೆ ಸಾಗುತ್ತೇವೆ. ಆದರೆ ಈ ವಿಂಗಡಣೆಯ ಮಾತನ್ನು ಅವನು ಹೇಳಿದ್ದು ಎಲ್ಲಿ? ಭಾರತದಲ್ಲಿಯೇ. ತನ್ನ ತಂದೆ ವೈದಿಕ ಕುಲದಲ್ಲಿ ಹುಟ್ಟಿ ಜೈನಧರ್ಮವನ್ನು ಹಿಡಿದದ್ದನ್ನು ಹೇಳಿದ್ದೂ ಅಲ್ಲಿಯೇ. ಅವನು ಬೇರ್ಪಡಿಸಿದನೇ ಹೊರತು ಬಚ್ಚಿಡಲಿಲ್ಲ.

ಮುಂದೆ ವಚನಕಾರರು ಬೇರ್ಪಡಿಸುವುದನ್ನೂ ಬಿಟ್ಟರು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ—ಒಂದೊಂದು ವಚನಕ್ಕೂ ಒಂದೊಂದು ಹೆಸರಿನ ಮುದ್ರೆ. ದಾಸರ ಹಾಡುಗಳಿಗೂ ಹಾಗೆಯೇ. ಅಂಕಿತವೆಂದರೆ ಏನು? ಕೇಳುವವನ ಕೊರಳಿಗೆ ಹಾಕುವ ಹಗ್ಗವಲ್ಲ, ಹೇಳುವವನು ತನಗೆ ತಾನೇ ಹಾಕಿಕೊಳ್ಳುವ ಗಂಟು. ‘ಈ ಮಾತಿಗೆ ನನ್ನ ದೇವರ ಸಾಕ್ಷಿಯುಂಟು, ತಪ್ಪಿದರೆ ನನ್ನನ್ನು ಹಿಡಿ’ ಎಂಬ ರುಜು. ಆದ್ದರಿಂದಲೇ ಶೈವನಲ್ಲದವನೂ ವಚನವನ್ನು ಕಣ್ಣಿಗೊತ್ತಿಕೊಳ್ಳಬಲ್ಲ. ಕ್ರಿಸ್ತನ ಹೆಸರೂ ಕನ್ನಡ ಕಾವ್ಯಕ್ಕೆ ಹೊಸತಲ್ಲ. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಗೆ ಕನ್ನಡದ ಧಾಟಿಯನ್ನೇ ತೊಡಿಸಿದ, ಕ್ರೈಸ್ತರಲ್ಲದ ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದರು.

ಈಗ ನನ್ನ ತಪ್ಪಿನ ಮಾತು. ಹಲವು ವರ್ಷಗಳ ಹಿಂದೆ ಈ ಹುಡುಗನೇ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹಾಡೊಂದನ್ನು ಕಟ್ಟಿ ತಂದಿದ್ದ. ಕೊನೆಯ ನುಡಿಯಲ್ಲಿ ಕ್ರಿಸ್ತನ ಹೆಸರಿತ್ತು. ಸಾಂಸ್ಕೃತಿಕ ಕಾರ್ಯಕ್ರಮದ ಹೊಣೆ ನನ್ನದು. “ಇದು ಎಲ್ಲರ ವೇದಿಕೆಯಪ್ಪ, ಆ ಒಂದು ನುಡಿ ಬಿಟ್ಟುಬಿಡು” ಎಂದೆ. ಅವನು ಮರುಮಾತಾಡದೆ ಬಿಟ್ಟ. ಅದೇ ಸಂಜೆ, ಅದೇ ವೇದಿಕೆಯಲ್ಲಿ, ಗಣಪತಿಯ ಸ್ತುತಿಯಿಂದ ಕಾರ್ಯಕ್ರಮ ಆರಂಭವಾಯಿತು. ಶಾರದೆಯ ಪಟಕ್ಕೆ ಹೂವಿಟ್ಟವನು ನಾನೇ. ಎಲ್ಲರ ವೇದಿಕೆಯಲ್ಲಿ ಅದು ಯಾರ ದೇವರೆಂದು ನನಗೆ ಹೊಳೆಯಲೇ ಇಲ್ಲ. ಹೆಚ್ಚು ಜನರ ನಂಬಿಕೆ ಗಾಳಿಯಂತೆ. ಉಸಿರಾಡುವವನಿಗೆ ಇದೆಯೆಂದೇ ತಿಳಿಯದು. ಕೆಲವರ ನಂಬಿಕೆಯಾದರೋ ಹೊಗೆಯಂತೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಆ ವೇದಿಕೆಯಲ್ಲಿಯೂ ಹೀಗೆಯೇ. ದೇವರಿಲ್ಲವೆಂದು ಗರ್ಜಿಸಿದರೆ ಅದು ಕಲೆ, ಇದ್ದಾನೆಂದರೆ ಪ್ರಚಾರ. ಗಾಳಿ ಬೇರೆ, ನ್ಯಾಯ ಒಂದೇ.

ಹಾಗಾದರೆ ನಂಬಿದವನು ಏನು ಬೇಕಾದರೂ ಮಾಡಬಹುದೆ? ಇಲ್ಲ. ಮೆಗಾಡೆತ್ ತಂಡದ ಡೇವ್ ಮಸ್ಟೇನ್ ಕ್ರೈಸ್ತ ನಂಬಿಕೆಗೆ ಬಂದಮೇಲೆ, 2005ರಲ್ಲಿ, ಕ್ರಿಸ್ತನನ್ನು ಹೀಗಳೆಯುವ ಹೆಸರಿಟ್ಟುಕೊಂಡ ಗ್ರೀಸಿನ ತಂಡವೊಂದರ ಜೊತೆಗೆ ವೇದಿಕೆ ಹಂಚಿಕೊಳ್ಳೆನೆಂದ. ನುಡಿಸದಿರುವ ಹಕ್ಕು ಅವನದು, ನಿಜ. ಆದರೆ ಅವನು ದೊಡ್ಡವನು, ಅವರು ಸಣ್ಣವರು. ದೊಡ್ಡವನು ‘ಅವರೋ ನಾನೋ’ ಎಂದಾಗ ಅದು ಸಾಕ್ಷಿಯ ಮಾತಾಗಿ ಉಳಿಯದೆ ಬಾಗಿಲು ಮುಚ್ಚುವ ಕೈಯಾಗುತ್ತದೆ. ಸುಂಕದವರೊಡನೆ ಊಟಕ್ಕೆ ಕುಳಿತವನ ಹೆಸರಿನಲ್ಲಿ ಪಂಕ್ತಿಭೇದ ಮಾಡುವುದು ನನಗಂತೂ ಸರಿಕಾಣದು. 2008ರಲ್ಲಿ ಅದೇ ಮೆಗಾಡೆತ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಕೇಳಬಂದ ಸಾವಿರಾರು ಜನರಲ್ಲಿ ಯಾರೂ ನಾಯಕನ ಮತ ಯಾವುದೆಂದು ವಿಚಾರಿಸಿ ಒಳಗೆ ಬಂದಿರಲಾರರು. ಕೇಳುಗರು ತೋರಿದ ಆ ಔದಾರ್ಯವನ್ನು ಹಾಡುವವನೂ ತೋರಬೇಕು.

ಆದ್ದರಿಂದ ಜಗಲಿಯಲ್ಲಿ ಕುಳಿತು ನಾನು ಹೇಳಿದ್ದು ಇಷ್ಟು: ಹೆಸರನ್ನು ತೆಗೆಯಬೇಡ. ಆದರೆ ಅದು ನಿನ್ನ ಅಂಕಿತವಾಗಿರಲಿ. ನಿನ್ನನ್ನು ಕಟ್ಟಲಿ, ಕೇಳುವವನನ್ನು ಕಟ್ಟದಿರಲಿ. ಇನ್ನೊಬ್ಬ ತನ್ನ ನಂಬಿಕೆಯನ್ನೋ ನಾಸ್ತಿಕತೆಯನ್ನೋ ಹಾಡಿದಾಗ ನೀನೂ ಕುಳಿತು ಕೇಳು. ನಂಬದ ಗೆಳೆಯರ ಬಾಯಿಂದ ಆ ಹೆಸರನ್ನು ಹೇಳಿಸಬೇಡ. ಆ ಸಾಲನ್ನು ನೀನೊಬ್ಬನೇ ಹಾಡು. ಅದಕ್ಕೂ ಅವರು ಒಪ್ಪದಿದ್ದರೆ ತಂಡ ಬಿಡುವ ನಷ್ಟ ನಿನ್ನದು. ಅಂಕಿತಕ್ಕೆ ಬೆಲೆ ಬರುವುದು ಹಾಕಿದವನು ತೆತ್ತಾಗಲೇ. ತೆರುವ ಸ್ಥಿತಿ ನಿನಗಿದೆಯೋ ಇಲ್ಲವೋ ನಾನು ಹೇಳಲಾರೆ.

ಅನಂತರ ವಾರ್ಷಿಕೋತ್ಸವದ ಮಾತೆತ್ತಿ ಕ್ಷಮೆ ಕೇಳಿದೆ. ಮರೆತಿರುತ್ತಾನೆಂದು ಎಣಿಸಿದ್ದೆ. ಅವನು ಸ್ವಲ್ಪ ಹೊತ್ತು ಅಂಗಳದ ನೀರನ್ನು ನೋಡುತ್ತ ಕುಳಿತಿದ್ದು, “ಆ ದಿನ ನಮ್ಮಮ್ಮ ಬಂದಿದ್ದರು ಸಾರ್. ಮನೆಯಲ್ಲಿ ಕೊನೆಯ ನುಡಿಯನ್ನೇ ಹಾಡಿ ತೋರಿಸಿದ್ದೆ” ಎಂದ.

ಮಳೆ ನಿಂತಿರಲಿಲ್ಲ. ಆದರೂ ಕೊಡೆ ಬಿಚ್ಚಿಕೊಂಡು ಹೊರಟ. ಆ ತಾಯಿ ಸಭೆಯಲ್ಲಿ ಕೊನೆಯ ನುಡಿಗಾಗಿ ಕಾದು ಕುಳಿತದ್ದನ್ನು ನಾನು ಕಂಡಿರಲಿಲ್ಲ, ಈಗ ಕಾಣುತ್ತಿದೆ.