ಪ್ರಮಾದ ಎಲ್ಲಿದೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಗಂಗಾವತಿ ಸೀಮೆಯಲ್ಲಿ ಅದು ಭತ್ತ ನಾಟಿಯ ಕಾಲ. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ಎಡದಂಡೆ ನಾಲೆಯನ್ನೇ ನಂಬಿದ ರೈತರ ಕಣ್ಣೆದುರೇ ಲಕ್ಷ ಕ್ಯೂಸೆಕ್‌ನಷ್ಟು ನೀರನ್ನು ನದಿಗೆ ಬಿಡಬೇಕಾಯಿತು. ನೀರು ಗೇಟಿನ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಕಾದಿದ್ದರೆ ಕೆಲಸ ಸುಲಭವಾಗುತ್ತಿತ್ತು, ಬೆಳೆ ಮಾತ್ರ ಉಳಿಯುತ್ತಿರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯ ತುಂಡುಗಳನ್ನು ಒಂದೊಂದಾಗಿ ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ಹರಿವು ನಿಂತಿತು. ಆದರೆ 33 ಗೇಟುಗಳನ್ನೂ ಬದಲಿಸುವ ವಿಚಾರಕ್ಕೆ ಬಂದಾಗ ಆ ಅವಸರ ಇರಲಿಲ್ಲ. 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಆಮೇಲೆ ಗೇಟು ಕೂಡಿಸಲೆಂದು ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು.

ಬಿಟ್‌ಕಾಯಿನ್, ಈಥರ್‌ನಂಥ ಕ್ರಿಪ್ಟೊ ಹಣದ ತಂತ್ರಾಂಶದಲ್ಲಿ ದೋಷ ಕಂಡಾಗಲೂ ಅವಸರವೋ ನಿಧಾನವೋ ಎಂಬ ಇದೇ ಇಕ್ಕಟ್ಟು, ಇನ್ನಷ್ಟು ಬಿಗಿಯಾಗಿ. ಅಲ್ಲಿ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿಲ್ಲ. ಸಾವಿರಾರು ಕಂಪ್ಯೂಟರ್‌ಗಳು ಒಂದೇ ನಿಯಮ ಪಾಲಿಸುತ್ತ ಅದನ್ನು ಬರೆಯುತ್ತವೆ. ನಿಯಮ ತಿದ್ದಬೇಕಾದರೆ ಅವುಗಳ ಒಡೆಯರು ಒಪ್ಪಿ ಹೊಸ ತಂತ್ರಾಂಶ ಹಾಕಿಕೊಳ್ಳಬೇಕು. ತಡಮಾಡಿದರೆ ಕಳ್ಳ ಮುಂದಾಗುತ್ತಾನೆ, ಆತುರಪಟ್ಟರೆ ತಿದ್ದುಪಡಿಯೇ ಇನ್ನೊಂದು ಬಿರುಕಾಗುತ್ತದೆ. ಇದನ್ನು ಎಂಜಿನಿಯರುಗಳ ಲೆಕ್ಕಾಚಾರವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಬೇರೆಯವರ ದುಡಿಮೆ ನಮ್ಮ ಕೈಯಲ್ಲಿದ್ದಾಗ ಎಂಥ ಎಚ್ಚರ ನಮ್ಮ ಕರ್ತವ್ಯ ಎಂಬುದು ಧರ್ಮದ ಪ್ರಶ್ನೆ. ಗಂಗಾವತಿ ಸೀಮೆಯದೇ ಆದ, ಹಿಂದೆ ಕೊಪಣವೆಂದು ಹೆಸರಾಗಿದ್ದ ಕೊಪ್ಪಳ ಶತಮಾನಗಳ ಕಾಲ ಜೈನರ ಮಹಾತೀರ್ಥವಾಗಿತ್ತು. ಆ ಪರಂಪರೆ ಹಿಂಸೆಯನ್ನು ಅಳೆಯುವಾಗ ಆದ ಹಾನಿಯನ್ನಷ್ಟೇ ನೋಡುವುದಿಲ್ಲ. ಪ್ರಮಾದದಿಂದ, ಎಚ್ಚರಗೇಡಿತನದಿಂದ ಜೀವಕ್ಕೆ ತಂದ ಹಾನಿಯೇ ಹಿಂಸೆ ಎಂಬುದು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ನಿಲುವು. ಮುನಿಗೆ ಅದು ನಡೆಯಬೇಡ ಎನ್ನುವುದಿಲ್ಲ, ನೆಲ ನೋಡಿ ಹೆಜ್ಜೆಯಿಡು ಎನ್ನುತ್ತದೆ. ಹಾಗೆ ನೋಡಿದರೆ ಬೇಗ ಮಾಡಿದರೋ ನಿಧಾನ ಮಾಡಿದರೋ ಎಂಬುದರಿಂದ ತಪ್ಪು-ಸರಿ ನಿರ್ಧಾರವಾಗದು. ನಡೆಯುತ್ತಿರುವ ಹಾನಿಯನ್ನು ತಡೆಯುವ ಹೆಜ್ಜೆ ಬೇಗ ಬೀಳಬೇಕು. ಆದರೆ ಹಿಂತೆಗೆಯಲಾಗದ ಹೆಜ್ಜೆಗೆ ಎಷ್ಟು ಪರೀಕ್ಷೆ ಬೇಕೋ ಅಷ್ಟು ಕಾಲ ಕೊಡಲೇಬೇಕು. ಇವೆರಡನ್ನು ಒಂದೇ ಕೆಲಸವೆಂದು ಬಗೆದಾಗಲೇ ಅನರ್ಥ.

ಈಥರ್ ಇಟ್ಟುಕೊಳ್ಳುವ ಪ್ಯಾರಿಟಿ ವಾಲೆಟ್‌ನ ಕಥೆ ಇದಕ್ಕೆ ದೊಡ್ಡ ಸಾಕ್ಷಿ. 2017ರ ಜುಲೈನಲ್ಲಿ ಹಲವರ ಸಹಿ ಬೇಡುವ ಆ ವಾಲೆಟ್‌ನ ದೋಷ ಬಳಸಿಕೊಂಡು ಕಳ್ಳನೊಬ್ಬ ಸುಮಾರು ಒಂದೂವರೆ ಲಕ್ಷ ಈಥರ್ ದೋಚಿದ. ಕೂಡಲೇ ತಿದ್ದಿದ ಆವೃತ್ತಿ ಬಂತು, ಬರಬೇಕಾದದ್ದೇ. ಆದರೆ ನೂರಾರು ವಾಲೆಟ್‌ಗಳು ಆಧರಿಸಿದ್ದ ಆ ಹೊಸ ಸಾಮಾನ್ಯ ಸಂಕೇತಕ್ಕೆ (ಕೋಡ್‌ಗೆ) ಒಡೆಯನನ್ನೇ ಗೊತ್ತುಮಾಡದೆ ಬಿಟ್ಟಿದ್ದರು. ಆಗಸ್ಟ್‌ನಲ್ಲಿ ಅದನ್ನು ಸರಿಪಡಿಸುವ ಸಲಹೆಯೊಂದು ಬಂದಾಗ, ಇದೊಂದು ಅನುಕೂಲದ ಮಾತು, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದು ಎತ್ತಿಟ್ಟರು. ನವೆಂಬರ್ 6ರಂದು ಯಾರೋ ಒಬ್ಬ ತಾನೇ ಒಡೆಯನಾಗಿ ಆ ಸಂಕೇತವನ್ನು ಅಳಿಸಿಬಿಟ್ಟ. 5,13,774 ಈಥರ್ ಕದಲದಂತೆ ಸಿಕ್ಕಿಬಿತ್ತು. ಜುಲೈನಲ್ಲಿ ಅವಸರ, ಆಗಸ್ಟ್‌ನಿಂದ ಮುಂದೆ ಉದಾಸೀನ. ವೇಗದ ಪರ ವಾದಿಸುವವರಿಗೂ ನಿಧಾನದ ಪರ ವಾದಿಸುವವರಿಗೂ ಇದು ಸಮಾಧಾನ ಕೊಡುವ ಉದಾಹರಣೆಯಲ್ಲ. ಹೊಲಿದ ಗಾಯವನ್ನು ಮರುದಿನ ಬಿಚ್ಚಿ ನೋಡದ ವೈದ್ಯನ ತಪ್ಪಿದು.

ಹಾನಿ ನಡೆಯುತ್ತಿರುವಾಗ ತಡೆ ಯಾವುದು, ಬದಲಾವಣೆ ಯಾವುದು ಎಂದು ವಿಂಗಡಿಸುತ್ತ ಕೂರಲು ಪುರುಸೊತ್ತೆಲ್ಲಿ ಎಂದು ಕೇಳಬಹುದು. 2010ರ ಆಗಸ್ಟ್ 15ರಂದು ಬಿಟ್‌ಕಾಯಿನ್‌ನ 74638ನೇ ಬ್ಲಾಕ್‌ನಲ್ಲಿ, ಅಂದರೆ ಲೆಕ್ಕದ ಪುಸ್ತಕದ ಪುಟದಲ್ಲಿ, ಒಟ್ಟು 2.1 ಕೋಟಿ ಮೀರಬಾರದಿದ್ದ ನಾಣ್ಯ 18,400 ಕೋಟಿಯಷ್ಟು ಹುಟ್ಟಿಕೊಂಡಾಗ ಕೆಲವೇ ಗಂಟೆಗಳಲ್ಲಿ ತಿದ್ದಿದರು. ಲೆಕ್ಕದ ಪುಸ್ತಕದ ಆ ಪುಟಗಳನ್ನೂ ಕೈಬಿಟ್ಟು ಹೊಸದಾಗಿ ಬರೆದರು. ಹಿಂತೆಗೆಯಲಾಗದ್ದನ್ನೂ ಅವಸರದಲ್ಲೇ ಮಾಡಿದರಲ್ಲ? ಹೌದು. ಅಲ್ಲಿ ಸುಳ್ಳು ನಾಣ್ಯವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಬಳಸುವವರೂ ಕೆಲವರೇ. 2016ರ ಜೂನ್ 17ರಂದು ಡಿಎಒ ಎಂಬ ನಿಧಿಯಿಂದ 36 ಲಕ್ಷ ಈಥರ್ ಸೋರಿದಾಗ ಹಾಗಿರಲಿಲ್ಲ. ಆ ನಿಧಿಯ ನಿಯಮದ ಪ್ರಕಾರವೇ ಕಳ್ಳ ಕನಿಷ್ಠ ನಾಲ್ಕು ವಾರ ಹಣ ಮುಟ್ಟುವಂತಿರಲಿಲ್ಲ. ಆ ಬಿಡುವಿನಲ್ಲಿ ವಾದ ನಡೆದು ಜುಲೈ 20ರಂದು ಪುಸ್ತಕವನ್ನೇ ತಿದ್ದಿದರು. ಒಪ್ಪದವರು ಹಳೆಯ ಪುಸ್ತಕ ಹಿಡಿದು ಈಥೀರಿಯಮ್ ಕ್ಲಾಸಿಕ್ ಎಂಬ ಹೆಸರಿನಲ್ಲಿ ಬೇರೆಯಾದರು. ತಿದ್ದಿದ್ದು ಸರಿಯೇ ಎಂಬ ಬಗ್ಗೆ ಭಿನ್ನಮತ ಉಳಿದಿದ್ದರೂ, ಒಡೆಯರಿಗೆ ಯೋಚಿಸಲು ಕಾಲ ಸಿಕ್ಕಿತ್ತು ಎಂಬುದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಸತ್ಯದ್ದು. ನಿಧಾನ ಮಾಡಬೇಕಾದರೆ ದೋಷವನ್ನು ಮುಚ್ಚಿಡಬೇಕು, ಮುಚ್ಚಿಟ್ಟರೆ ಹಣ ಹೂಡಿದವರಿಗೆ ವಂಚನೆಯಲ್ಲವೇ? ಝೀಕ್ಯಾಶ್ ಎಂಬ ಇನ್ನೊಂದು ಕ್ರಿಪ್ಟೊ ಹಣದಲ್ಲಿ ಯಾರಿಗೂ ಕಾಣದಂತೆ ಖೋಟಾ ನಾಣ್ಯ ಹುಟ್ಟಿಸಬಹುದಾದ ದೋಷ 2018ರ ಮಾರ್ಚ್ 1ರಂದು ಪತ್ತೆಯಾಯಿತು. ಬೆರಳೆಣಿಕೆಯ ಜನ ಅದನ್ನು ಗುಟ್ಟಾಗಿಟ್ಟು, ಅಕ್ಟೋಬರ್‌ನ ದೊಡ್ಡ ಬದಲಾವಣೆಯೊಳಗೆ ಸರಿಪಡಿಸಿ, 2019ರ ಫೆಬ್ರವರಿಯಲ್ಲಿ ಲೋಕಕ್ಕೆ ಹೇಳಿದರು. ಪ್ರಾಣಿಗೆ ಪೀಡೆ ತರುವ ಮಾತು ಇದ್ದದ್ದನ್ನೇ ಹೇಳಿದರೂ ಸತ್ಯವ್ರತಕ್ಕೆ ಸಲ್ಲದು ಎನ್ನುತ್ತಾರೆ ಜೈನ ವ್ಯಾಖ್ಯಾನಕಾರರು. ಅದೇ ನ್ಯಾಯದಲ್ಲಿ ಈ ಮೌನವನ್ನು ನಾನು ಒಪ್ಪುತ್ತೇನೆ, ಆದರೆ ದುರಸ್ತಿ ಮುಗಿಯುವವರೆಗೆ ಮಾತ್ರ. ಅದಾದ ಮೇಲೂ ಉಳಿದ ಮೂರು ತಿಂಗಳ ಮೌನಕ್ಕೆ ಬೇರೆಯೇ ಸಮರ್ಥನೆ ಬೇಕು. ಅದೇ ಸಂಕೇತ ಎರವಲು ಪಡೆದ ಇತರ ನಾಣ್ಯಗಳಿಗೂ ತಿದ್ದಿಕೊಳ್ಳಲು ಅವಕಾಶ ಬೇಕಿತ್ತು ಎಂಬುದು ತೂಕವುಳ್ಳ ಉತ್ತರ. ಬಿಟ್‌ಕಾಯಿನ್ ತಂಡ 2018ರ ಸೆಪ್ಟೆಂಬರ್‌ನಲ್ಲಿ ದೋಷದ ಸಣ್ಣ ಮುಖವನ್ನಷ್ಟೇ ಹೇಳಿ ತಿದ್ದುಪಡಿ ಹೊರಡಿಸಿ, ಎರಡೇ ದಿನಗಳಲ್ಲಿ ಹೆಚ್ಚುವರಿ ನಾಣ್ಯ ಸೃಷ್ಟಿಸಬಹುದಾಗಿದ್ದ ದೊಡ್ಡ ಮುಖವನ್ನೂ ಬಿಚ್ಚಿಟ್ಟಿತು. ನನಗೆ ಇದೇ ಹೆಚ್ಚು ಸಮ್ಮತ.

ನಿಧಾನದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ತಂತ್ರಾಂಶದವರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಗಂಗಾವತಿಯ ರೈತನಿಗೆ ಎರಡನೇ ಬೆಳೆ ತಪ್ಪಿದ್ದು ಎಂಜಿನಿಯರುಗಳ ಎಚ್ಚರದಿಂದ, ಮತ್ತು ಆ ಎಚ್ಚರ ಸರಿಯಾದದ್ದೇ. ಆದರೆ ಭದ್ರವಾದ ಅಣೆಕಟ್ಟಿನ ಫಲ ಮೂರು ರಾಜ್ಯಗಳಿಗೆ ಸಲ್ಲುವಾಗ ಬೆಲೆಯನ್ನು ಅಚ್ಚುಕಟ್ಟಿನ ರೈತರಷ್ಟೇ ಹೊರುವುದು ನ್ಯಾಯವಲ್ಲ. ಅವರು ಪರಿಹಾರ ಕೇಳಿದರೆ ಅದು ಎಚ್ಚರಕ್ಕೆ ಅಡ್ಡಿಯಲ್ಲ, ಎಚ್ಚರದ ಖರ್ಚಿನ ಒಂದು ಬಾಬ್ತು. ಪ್ಯಾರಿಟಿಯಲ್ಲಿ ಸಿಕ್ಕಿಬಿದ್ದ ಹಣ ಬಿಡಿಸಲು 2018ರಲ್ಲಿ ಬಂದ ಪ್ರಸ್ತಾವವನ್ನು ಬಳಕೆದಾರರ ಸಮುದಾಯ ಒಪ್ಪಲಿಲ್ಲ. ಪುಸ್ತಕವನ್ನು ಮತ್ತೆ ಮತ್ತೆ ತಿದ್ದಬಾರದೆಂಬ ಅವರ ಹಿಂಜರಿಕೆಗೆ ಕಾರಣವಿದೆ. ಆದರೂ ಆ ನಿಷ್ಠೆಯ ವೆಚ್ಚವೆಲ್ಲ ಹಣ ಕಳೆದುಕೊಂಡವರ ತಲೆಗೇ ಬಿತ್ತು, ಅದನ್ನು ಹಂಚಿಕೊಳ್ಳುವ ಯಾವ ಏರ್ಪಾಡನ್ನೂ ನಿಯಮ ಬರೆದವರು ಮೊದಲೇ ಮಾಡಿರಲಿಲ್ಲ.