ಕಾಯಕದ ನಾಡಿನಲ್ಲಿ ವಿಶ್ರಾಂತಿ ಯಾರ ಹಕ್ಕು?

ರಷ್ಯಾದಲ್ಲಿ ಸ್ಯಾನಟೋರಿಯಂ ಎನ್ನುವ ಆರೋಗ್ಯಧಾಮಕ್ಕೆ ಹೊರದೇಶದವರು ಹೋದರೂ ಒಳನಾಡಿನವರು ಹೋದರೂ ಮೊದಲು ವೈದ್ಯರ ಮುಂದೆ ಕೂರಬೇಕು. ರಕ್ತದೊತ್ತಡ ನೋಡಿ, ಹಳೆಯ ಕಾಯಿಲೆಗಳನ್ನೆಲ್ಲ ಕೇಳಿಕೊಂಡು, ಪುಟ್ಟದೊಂದು ಪುಸ್ತಕದಲ್ಲಿ ದಿನಚರಿ ಬರೆದುಕೊಡುತ್ತಾರೆ. ಖನಿಜಜಲ ಕುಡಿಯುವುದು ಊಟಕ್ಕೆ ಎಷ್ಟು ಹೊತ್ತು ಮುಂಚೆ, ಮೈಗೆ ಕೆಸರಿನ ಲೇಪ ಯಾವ ದಿನ, ನಡಿಗೆ ಎಷ್ಟು ದೂರ, ಎಲ್ಲವೂ ಅದರಲ್ಲಿರುತ್ತದೆ. ಕಾಕಸಸ್ ತಪ್ಪಲಿನ ಕಿಸ್ಲೊವೊದ್‌ಸ್ಕ್‌ನಲ್ಲಿ ಬುಗ್ಗೆಯಿಂದ ಏಳುವ ನಾರ್ಜಾನ್ ನೀರನ್ನು ಜನ ಸಾಲು ನಿಂತು, ಗುಟುಕು ಗುಟುಕಾಗಿ, ಔಷಧದಂತೆ ಕುಡಿಯುತ್ತಾರೆ. ಹಲವೆಡೆ ಊಟಕ್ಕೂ ಸಂಖ್ಯೆಯಿದೆ: ಮನುಯಿಲ್ ಪೆವ್ಜ್ನರ್ ಎಂಬ ಸೋವಿಯತ್ ವೈದ್ಯ ರೂಪಿಸಿದ 15 ಪಥ್ಯಗಳಲ್ಲಿ ಒಂದು ಪ್ರತಿಯೊಬ್ಬರ ಪಾಲಿಗೆ ಬರುತ್ತದೆ. ಮಧ್ಯಾಹ್ನ ಮೌನದ ಹೊತ್ತು. ಮೋಜಿಗೆಂದು ಬಂದ ವಿದೇಶಿಯರಿಗೆ ಇದು ಅರ್ಧ ಆಸ್ಪತ್ರೆಯಂತೆ, ಅರ್ಧ ಆಶ್ರಮದಂತೆ ಕಾಣುತ್ತದೆ.

ಇಷ್ಟು ಶಿಸ್ತಿನ ಹಿಂದೆ ಒಂದು ರಾಜಕೀಯ ನಂಬಿಕೆ ಇತ್ತು. ಕ್ರಾಂತಿಯ ನಂತರ, 1920ರ ಡಿಸೆಂಬರ್‌ನಲ್ಲಿ, ಕ್ರೈಮಿಯಾದ ಅರಮನೆಗಳನ್ನೂ ಬಂಗಲೆಗಳನ್ನೂ ದುಡಿಯುವವರ ಆರೋಗ್ಯಧಾಮ ಮಾಡುವ ಆದೇಶಕ್ಕೆ ಲೆನಿನ್ ಸಹಿ ಹಾಕಿದರು. ತ್ಸಾರ್ ದೊರೆಯ ಬೇಸಿಗೆ ಅರಮನೆ ಲಿವಾದಿಯಾ 1925ರಲ್ಲಿ ರೈತರ ಸ್ಯಾನಟೋರಿಯಂ ಆಯಿತು. 1936ರ ಸೋವಿಯತ್ ಸಂವಿಧಾನದ 119ನೇ ವಿಧಿ ವಿಶ್ರಾಂತಿಯನ್ನು ಪ್ರಜೆಯ ಹಕ್ಕೆಂದೇ ಬರೆಯಿತು. ಬರೆದದ್ದೆಲ್ಲ ನಡೆಯಲಿಲ್ಲ, ಕಾರ್ಮಿಕ ಸಂಘಗಳ ಮೂಲಕ ಹಂಚುತ್ತಿದ್ದ ಸ್ಯಾನಟೋರಿಯಂ ಪ್ರವೇಶದ ಚೀಟಿಗಳಲ್ಲಿ ಒಳ್ಳೆಯವು ಅಧಿಕಾರಿಗಳ ಕೈಗೇ ಹೆಚ್ಚಾಗಿ ಸೇರಿದವು. ಆದರೂ ದಣಿದವರಿಗೆ ದಣಿವಾರಿಸಿಕೊಳ್ಳಲು ಜಾಗ ಕೊಡುವುದು ಸಮಾಜದ ಋಣ ಎಂಬ ಮಾತು ಒಂದು ದೊಡ್ಡ ದೇಶದ ಕಾನೂನಿನೊಳಗೆ ಬಂತು.

ಆ ಮಾತನ್ನು ದಾವಣಗೆರೆಯಲ್ಲಿ ನಿಂತು ಕೇಳಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಇದು ಶರಣರ ಮಾತನ್ನು ಮೈಗೂಡಿಸಿಕೊಂಡ ಸೀಮೆ; ದುಡಿಮೆಯೇ ಇಲ್ಲಿ ಪೂಜೆ. ಹನ್ನೆರಡನೇ ಶತಮಾನದ ಶರಣರ ಚಳವಳಿ ಕೈಕೆಲಸಕ್ಕೆ ದೊಡ್ಡ ಗೌರವ ಕೊಟ್ಟಿತು. ಹಾಗಿರುವಾಗ ಕೆಲಸ ಬಿಟ್ಟು ಸುಮ್ಮನೆ ಮಲಗುವುದಕ್ಕೆ ಇಲ್ಲಿ ಜಾಗವೆಲ್ಲಿ? ವಿದ್ಯಾನಗರದ ಮನೆಗಳಲ್ಲಿ ನಿವೃತ್ತರಾದ ಹಿರಿಯರೂ ‘ಸುಮ್ನೆ ಕೂತ್ರೆ ಮೈ ಜಡ್ಡುಗಟ್ತದೆ’ ಎಂದು ಬೆಳಗಿನಿಂದ ರಾತ್ರಿವರೆಗೆ ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತಾರೆ. ದಣಿವನ್ನು ಒಪ್ಪಿಕೊಳ್ಳುವುದೇ ನಾಚಿಕೆ ಎನ್ನಿಸಿಬಿಟ್ಟಿದೆ.

ಆದರೆ ಶರಣರ ಕಥೆಗಳು ಅಷ್ಟು ಸರಳವಾಗಿಲ್ಲ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಇರಿಸಿಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ಆಸೆಯ ವಿರುದ್ಧದ ಪಾಠವೆಂದು ಹೇಳುವುದು ವಾಡಿಕೆ. ಅದರೊಳಗೆ ಇನ್ನೊಂದು ಮಾತೂ ಇದೆ. ಇಂದಿಗೆ ಸಾಕೆನ್ನುವ ಅಳತೆ ಕಾಯಕಕ್ಕೆ ಇದ್ದರೆ ಆ ಅಳತೆ ತುಂಬಿದ ಮೇಲೆ ಕೈ ಬಿಡುವಾಗಬೇಕು. ಮಿತಿಯಿಲ್ಲದ ದುಡಿಮೆ ಲಕ್ಕಮ್ಮನ ಲೆಕ್ಕದಲ್ಲಿ ಕಾಯಕವಾಗಿ ಉಳಿಯುವುದಿಲ್ಲ, ಅದು ಸಂಗ್ರಹವಾಗುತ್ತದೆ. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನ ದೃಷ್ಟಿಯೂ ಇದಕ್ಕೆ ಸೇರುತ್ತದೆ: ದೇಗುಲವನ್ನು ಕುಸಿಯುವವರೆಗೆ ಯಾರೂ ಬಳಸುವುದಿಲ್ಲ.

ದುಡಿಮೆಯನ್ನು ಧರ್ಮವೆಂದು ನಂಬಿ ದೇಹದ ಮಿತಿಗೆ ತಲೆಬಾಗಿದವರಲ್ಲಿ ಗಾಂಧೀಜಿ ಒಬ್ಬರು. ಉಣ್ಣುವವನು ಮೈಮುರಿದು ದುಡಿಯಲೇಬೇಕು ಎಂಬ ಅವರ ತತ್ವ ರಷ್ಯಾದಿಂದಲೇ ಬಂದದ್ದು. ತಿಮೊಫೆಯ್ ಬೊಂದರೆವ್ ಎಂಬ ರೈತ ಅದನ್ನು ಬರೆದ, ಟಾಲ್‌ಸ್ಟಾಯ್ ಅದನ್ನು ಎತ್ತಿ ಹಿಡಿದರು, ಗಾಂಧೀಜಿ ಅದನ್ನು ಆಶ್ರಮದ ನಿಯಮವಾಗಿಸಿಕೊಂಡರು. ಅಂಥವರು 1927ರ ಮಾರ್ಚ್‌ನಲ್ಲಿ ಖಾದಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಕುಸಿದರು. ವೈದ್ಯರು ಪ್ರವಾಸ ನಿಲ್ಲಿಸಿದರು. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಮೈಸೂರು ಸಂಸ್ಥಾನದ ಅತಿಥಿಯಾಗಿ ಅವರು ನಂದಿಬೆಟ್ಟದಲ್ಲಿ ಉಳಿದರು. ಆಮೇಲೆ ಬೆಂಗಳೂರಿನ ಕುಮಾರ ಪಾರ್ಕ್‌ನಲ್ಲಿ. 1936ರಲ್ಲಿ ಮತ್ತೆ ಅದೇ ಬೆಟ್ಟ ಹತ್ತಿದರು. ದೇಹ ತನ್ನದಲ್ಲ, ಸೇವೆಗೆಂದು ಕೈಗಿಟ್ಟ ಆಸ್ತಿ ಎಂದು ಅವರು ತಿಳಿದಿದ್ದರು. ಹಾಗೆ ತಿಳಿದವರಿಗೆ ಅದನ್ನು ಸವೆಸಿ ಹಾಳುಮಾಡುವ ಹಕ್ಕೂ ಇಲ್ಲ.

ಗಾಂಧೀಜಿ ನೆಚ್ಚಿಕೊಂಡ ಮಣ್ಣಿನ ಪಟ್ಟಿ, ಕಟಿಸ್ನಾನ, ಉಪವಾಸಗಳು ಇಂದು ಕರ್ನಾಟಕದ ಪ್ರಕೃತಿ ಚಿಕಿತ್ಸಾಲಯಗಳ ನಿತ್ಯಕರ್ಮ. ರಷ್ಯಾದ ಸ್ಯಾನಟೋರಿಯಂಗೆ ನಮ್ಮಲ್ಲಿ ತೀರ ಹತ್ತಿರದ ಸಂಬಂಧಿ ಇದೇ. ಧರ್ಮಸ್ಥಳದ ಶಾಂತಿವನಕ್ಕೋ ಬೆಂಗಳೂರಿನ ಜಿಂದಾಲ್‌ಗೋ ಹೋಗಿಬಂದವರು ದಾವಣಗೆರೆಯ ಮಧ್ಯಮವರ್ಗದ ಮನೆಗಳಲ್ಲಿ ಅಪರೂಪವೇನಲ್ಲ. ಬೆಳಗ್ಗೆ ಹೊಟ್ಟೆಯ ಮೇಲೆ ತಣ್ಣನೆಯ ಒದ್ದೆ ಮಣ್ಣಿನ ಪಟ್ಟಿ ಇಟ್ಟುಕೊಂಡು ಕಣ್ಣು ಮುಚ್ಚಿ ಮಲಗಿದವರು ಮೊದಮೊದಲು ಚಡಪಡಿಸುತ್ತಾರೆ. ಅಂಗಡಿಯ ಲೆಕ್ಕ, ಮಗಳ ಪರೀಕ್ಷೆ, ಬರಬೇಕಾದ ಬಾಕಿ ಎಲ್ಲವೂ ತಲೆಗೆ ನುಗ್ಗುತ್ತವೆ. ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಕೆಲವು ದಿನ ಕಳೆದ ಮೇಲೆ ಉಸಿರು ನಿಧಾನವಾಗುತ್ತದೆ, ನಿದ್ದೆ ತಾನಾಗಿ ಬರುತ್ತದೆ. ಸುಮ್ಮನಿರುವುದನ್ನೂ ಕಲಿಯಬೇಕು, ಅದಕ್ಕೂ ಗುರುವಿಗೆ ಒಪ್ಪಿಸಿಕೊಳ್ಳಬೇಕು ಎಂಬುದು ಇಲ್ಲಿನ ತಿಳಿವು. ಸೋವಿಯತ್ ಕಾನೂನು ಹಕ್ಕೆಂದದ್ದನ್ನು ಈ ಪರಂಪರೆ ಸಾಧನೆ ಎಂದಿತು.

ಎರಡೂ ನಿಜ. ಆದರೆ ಸಾಧನೆ ಎಂದಷ್ಟೇ ಹೇಳಿ ನಿಲ್ಲಿಸಿದರೆ ರಜೆ ಹಾಕಲು ಆಗುವವರಿಗೆ, ಹಣ ಕಟ್ಟಬಲ್ಲವರಿಗೆ ಮಾತ್ರ ಅದು ದಕ್ಕುತ್ತದೆ.

ಹಕ್ಕಿನ ಮಾತು ಈ ಊರಿಗೆ ಹೊಸದಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿ ಕಾರ್ಮಿಕರ ಬಲದಿಂದ ಸಿಪಿಐನ ಪಂಪಾಪತಿ ಇಲ್ಲಿಂದ ವಿಧಾನಸಭೆಗೆ ಮತ್ತೆ ಮತ್ತೆ ಆರಿಸಿಹೋದರು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಒಂದಿಡೀ ಊರಿನ ದಿನಚರಿಯನ್ನು ಪಾಳಿಗಳಿಗೆ ಹೊಂದಿಸಿತ್ತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆಯನ್ನೂ, ವರ್ಷಕ್ಕೆ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೊಂದರಂತೆ ಸಂಬಳ ಸಹಿತ ರಜೆಯನ್ನೂ ಕೊಟ್ಟಿತು. ಗಿರಣಿಗಳು ಮುಚ್ಚಿದವು, ಕಿರ್ಲೋಸ್ಕರ್ ಕೂಡ ಮುಚ್ಚಿತು. ಅವುಗಳ ಜೊತೆಗೆ ಸಾವಿರಾರು ಮನೆಗಳಿಂದ ರಜೆ ಎಂಬುದೇ ಹೊರಟುಹೋಯಿತು.

ಉಳಿದ ದುಡಿಮೆ ಮಂಡಕ್ಕಿ ಭಟ್ಟಿಯಂಥದ್ದು. ಒಲೆಯ ಮೇಲೆ ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣದಲ್ಲಿ ಚಟಪಟ ಅರಳುತ್ತದೆ, ಮರುಕ್ಷಣವೇ ಜರಡಿಗೆ ಎತ್ತಬೇಕು, ತಡವಾದರೆ ಸೀಯುತ್ತದೆ. ಹೊಗೆ, ಮಸಿ, ಬೆಂಕಿಯ ಝಳದ ನಡುವೆ ಮನೆಮಂದಿಯೆಲ್ಲ ನಸುಕಿನಿಂದ ನಿಲ್ಲುತ್ತಾರೆ. ಇಡೀ ರಾಜ್ಯ ಮಿರ್ಚಿಯ ಜೊತೆ ಮೆಲ್ಲುವ ಮಂಡಕ್ಕಿ ಆ ಕೈಗಳದು. ನಿಂತ ದಿನ ಕೂಲಿಯಿಲ್ಲ. ಹತ್ತು ಮಂದಿಗಿಂತ ಕಡಿಮೆ ಜನರಿರುವ ಭಟ್ಟಿಗೆ ಕಾರ್ಖಾನೆ ಕಾಯ್ದೆ ತಲುಪಲೇ ಇಲ್ಲ. ಇಎಸ್‌ಐ ವಿಮೆ ಇರುವ ಕಾರ್ಮಿಕರಿಗೂ ಆ ವಿಮೆಯಿಂದ ಭತ್ಯೆ ಸಿಗುವುದು ಕಾಯಿಲೆಯಂಥ ಕಾರಣಕ್ಕೇ ಹೊರತು ದಣಿವಿಗಲ್ಲ.

ಧರ್ಮದ ಪ್ರಶ್ನೆ ಇರುವುದು ಇಲ್ಲಿ. ಕಾಯಕವನ್ನು ಪೂಜಿಸುವ ಸಮಾಜ ಕಾಯಕ ಮಾಡುವ ಕಾಯಕ್ಕೆ ಏನು ಕೊಟ್ಟಿದೆ? ಅನ್ನ ದಾಸೋಹವನ್ನು ಈ ಸೀಮೆಯ ಮಠಗಳು ಶತಮಾನಗಳಿಂದ ನಡೆಸಿವೆ, ಅಕ್ಷರ ದಾಸೋಹವನ್ನು ಕಳೆದ ಶತಮಾನದಲ್ಲಿ ಕಟ್ಟಿ ಬೆಳೆಸಿವೆ. ಹಸಿವೂ ಅಜ್ಞಾನವೂ ಒಬ್ಬೊಬ್ಬರ ಹಣೆಬರಹವಲ್ಲ, ಎಲ್ಲರೂ ಹೊರಬೇಕಾದ ಹೊಣೆ ಎಂದು ಒಪ್ಪಿದ್ದರಿಂದಲೇ ಅವು ಸಾಧ್ಯವಾದವು. ದಣಿವನ್ನೂ ಹಾಗೆ ಒಪ್ಪಿಕೊಂಡರೆ ಕೆಲಸ ಕಷ್ಟವಲ್ಲ. ಜಿಲ್ಲೆಯ ಮಠಗಳಿಗೆ ಜಾಗವಿದೆ, ಊರಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಪ್ರಕೃತಿ ಚಿಕಿತ್ಸೆಯ ಪದವಿ ಪಡೆದ ವೈದ್ಯರು ರಾಜ್ಯದಲ್ಲೇ ತಯಾರಾಗುತ್ತಿದ್ದಾರೆ. ಅಸಂಘಟಿತ ಕಾರ್ಮಿಕರ ಕಲ್ಯಾಣದ ಹಣದಲ್ಲಿ ಕೂಲಿ ತುಂಬಿಕೊಟ್ಟು, ಭಟ್ಟಿಯಲ್ಲಿ ನಿಲ್ಲುವ ಒಬ್ಬ ಹೆಂಗಸಿಗೆ ವರ್ಷಕ್ಕೊಂದು ವಾರ ಹೊಗೆಯಿಲ್ಲದ ಕಡೆ ಮಲಗಿ ಏಳುವ ವ್ಯವಸ್ಥೆ ಮಾಡುವುದನ್ನು ಮಠಗಳೂ ಸರ್ಕಾರವೂ ಸೇರಿ ಈ ಊರಿನಿಂದಲೇ ಶುರು ಮಾಡಬಹುದು.